ಬಕೆಟ್ ಇರುವ ಪ್ಯಾರಾದಿಂದ ಶುರು ಮಾಡಿ

ನಮಸ್ಕಾರ.

‘ಡೆಲ್ಟಾ: ಮರೆತುಹೋದ ಧಾರಾವಾಹಿ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಹಾಗಂತ ‘ವಿಷಾದಿಸುತ್ತೇವೆ’ ಎಂಬ ಅಚ್ಚಿನ ಚೀಟಿ ಅಂಟಿಸಿ ವಾಪಸ್ ಕಳಿಸುವಂಥದ್ದೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬೈಯುವುದನ್ನು ಮೊದಲು ಮುಗಿಸಿಬಿಡೋಣ. ಗಂಡನನ್ನೂ ಹೇರ್ ಸಲೂನಿನ ಕೆಲಸವನ್ನೂ ಬಿಟ್ಟ ಡೆಲ್ಟಾ ಬಿಷಪ್ ಎಂಬ ಹೆಂಗಸು ಕಂಟ್ರಿ ಗಾಯಕಿಯಾಗಬೇಕೆಂದು, ಅಮೆರಿಕದಲ್ಲಿ ಆ ಸಂಗೀತದ ತವರಾದ ನ್ಯಾಶ್‌ವಿಲ್‌ಗೆ ಬರುತ್ತಾಳೆ, ಬಾರೊಂದರಲ್ಲಿ ಸಪ್ಲೈಯರ್ ಕೆಲಸಕ್ಕೆ ಸೇರುತ್ತಾಳೆ. 1992ರ ಸೆಪ್ಟೆಂಬರಿನಲ್ಲಿ ಅಲ್ಲಿನ ಎಬಿಸಿ ವಾಹಿನಿಯಲ್ಲಿ ಶುರುವಾದ ಧಾರಾವಾಹಿ 17 ಕಂತು ಮುಗಿಸಿ ಮರುವರ್ಷದ ಆಗಸ್ಟಿನಲ್ಲಿ ನಿಂತಿತು. ನಾನು ಮೂರು ಸಾಲಿನಲ್ಲಿ ಹೇಳಿದ ಇದಕ್ಕೆ ನೀವು ನಾಲ್ಕು ಪುಟ ಕೊಟ್ಟಿದ್ದೀರಿ. ಆ ನಾಲ್ಕು ಪುಟದಲ್ಲಿ ‘ಪ್ರೇಕ್ಷಕರ ಮನಗೆಲ್ಲುವಲ್ಲಿ ವಿಫಲವಾಯಿತು’ ಎಂಬ ಮಾತು ಐದು ಕಡೆ ಬಂದಿದೆ. ಯಾಕೆ ವಿಫಲವಾಯಿತು ಎಂಬುದು ಒಂದು ಕಡೆಯೂ ಇಲ್ಲ.

ಇಲ್ಲ ಎಂದರೆ ತಪ್ಪಾದೀತು, ಒಂದು ಕಡೆ ಇದೆ. ‘ಆ ಕಾಲದ ಅಮೆರಿಕನ್ನರಿಗೆ ಕಂಟ್ರಿ ಸಂಗೀತದಲ್ಲಿ ಆಸಕ್ತಿ ಉಳಿದಿರಲಿಲ್ಲ’ ಎಂದು ಬರೆದಿದ್ದೀರಿ. ಇದು ಪೂರ್ತಿ ಉಲ್ಟಾ. 1991ರವರೆಗೆ ‘ಬಿಲ್‌ಬೋರ್ಡ್’ ಎಂಬ ಅಲ್ಲಿನ ಸಂಗೀತ ಪತ್ರಿಕೆ ಕ್ಯಾಸೆಟ್ ಅಂಗಡಿಗಳನ್ನು ವಿಚಾರಿಸಿ ‘ಯಾವುದು ಚೆನ್ನಾಗಿ ಹೋಗ್ತಿದೆ’ ಎಂದು ಪಟ್ಟಿ ಮಾಡುತ್ತಿತ್ತು. ಆ ವರ್ಷದ ಮೇ ತಿಂಗಳಿಂದ ಬಾಯಿಮಾತಿನ ಲೆಕ್ಕ ಹೋಗಿ ಗಲ್ಲಾದ ಬಾರ್‌ಕೋಡ್ ಲೆಕ್ಕ ಬಂತು. ಸೆಪ್ಟೆಂಬರಿನಲ್ಲಿ ಕಂಟ್ರಿ ಗಾಯಕ ಗಾರ್ತ್ ಬ್ರೂಕ್ಸ್‌ನ ಹೊಸ ಆಲ್ಬಂ ಪಟ್ಟಿಗೆ ಬಂದ ಮೊದಲ ವಾರವೇ ಎಲ್ಲ ಬಗೆಯ ಸಂಗೀತವನ್ನೂ ಹಿಂದಿಕ್ಕಿ ಒಂದನೇ ಸ್ಥಾನದಲ್ಲಿ ಕೂತಿತು. ಕಂಟ್ರಿ ಆಲ್ಬಂ ಒಂದಕ್ಕೆ ಹಾಗಾದದ್ದು ಅದೇ ಮೊದಲು. ಇದಾಗಿ ಒಂದೇ ವರ್ಷಕ್ಕೆ ಟಿವಿಯವರಿಗೆ ನ್ಯಾಶ್‌ವಿಲ್ ನೆನಪಾಯಿತು. ಅಂದರೆ ಗಾಳಿ ಬಂದಾಗಲೇ ತೂರಿದ್ದಾರೆ, ಆದರೂ ಕಾಳು ನಿಲ್ಲಲಿಲ್ಲ. ನಿಮ್ಮ ಲೇಖನ ಹುಟ್ಟಬೇಕಾಗಿದ್ದದ್ದು ಈ ಪ್ರಶ್ನೆಯಿಂದ.

ಇನ್ನೊಂದು. ಕಂಟ್ರಿ ಮ್ಯೂಸಿಕ್ ಅನ್ನು ಉದ್ದಕ್ಕೂ ‘ಜಾನಪದ ಸಂಗೀತ’ ಎಂದಿದ್ದೀರಿ. ಬೇರು ಅಲ್ಲಿದೆ, ನಿಜ. ಆದರೆ ಅದರ ಹಾಡುಗಳಿಗೆ ಬರೆದವರ ಹೆಸರಿದೆ, ಕಾಪಿರೈಟ್ ಇದೆ, ರೇಡಿಯೊ ಇದೆ, ಮ್ಯೂಸಿಕ್ ರೋ ಎಂಬ ಬೀದಿಯ ತುಂಬ ಆಫೀಸುಗಳಿವೆ. ಕಂಸಾಳೆಗೂ ಭಾವಗೀತೆಯ ಕ್ಯಾಸೆಟ್ಟಿಗೂ ಇರುವ ಅಂತರ ನಮ್ಮ ಓದುಗರಿಗೆ ಗೊತ್ತು. ‘ಕಂಟ್ರಿ’ ಎಂದೇ ಬರೆಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಹಾಗೆಯೇ ‘ಸನ್ನಿವೇಶ ಹಾಸ್ಯ’ ಬೇಡ. ಸಿಟ್‌ಕಾಂ ಸಾಕು.

ಡೆಲ್ಟಾ ಆರಾಧಿಸುವ ಹಳೆಯ ಕಂಟ್ರಿ ಗಾಯಕಿ ಪ್ಯಾಟ್ಸಿ ಕ್ಲೈನ್ ಹಾಡಲು ಶುರು ಮಾಡಿದ್ದು ಡೆಲ್ಟಾ ಕೆಲಸ ಮಾಡುವ ಗ್ರೀನ್ ಲ್ಯಾಂಟರ್ನ್ ಬಾರಿನಲ್ಲಿ ಎಂದು ನಿಜವೆಂಬಂತೆ ಬರೆದಿದ್ದೀರಿ. ಅದು ಧಾರಾವಾಹಿಯವರು ಕಟ್ಟಿದ ಕಥೆ. ಪ್ಯಾಟ್ಸಿ ವರ್ಜೀನಿಯಾದ ವಿಂಚೆಸ್ಟರಿನವಳು. ಹೆಸರಾದದ್ದು 1957ರಲ್ಲಿ, ಆರ್ಥರ್ ಗಾಡ್‌ಫ್ರೀಯ ಟಿವಿ ಸ್ಪರ್ಧೆ ಗೆದ್ದು. 1963ರ ಮಾರ್ಚಿನಲ್ಲಿ ವಿಮಾನ ಬಿದ್ದು ತೀರಿಕೊಂಡಾಗ ಅವಳಿಗೆ ಮೂವತ್ತೇ ವರ್ಷ. ‘ರೈಮನ್ ಸಭಾಂಗಣದ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಹಾಡುವುದೇ ಡೆಲ್ಟಾಳ ಕನಸು’ ಎಂಬ ಸಾಲನ್ನೂ ನೋಡಿ. ಆಪ್ರಿ ಎಂಬ ಆ ಹೆಸರಾಂತ ಕಂಟ್ರಿ ರೇಡಿಯೊ ಕಾರ್ಯಕ್ರಮ 1974ರಲ್ಲೇ ರೈಮನ್ ಬಿಟ್ಟು ಊರಾಚೆಯ ಹೊಸ ಕಟ್ಟಡಕ್ಕೆ ಹೋಗಿತ್ತು. 1992ರ ರೈಮನ್ ಬಹುಮಟ್ಟಿಗೆ ಪ್ರವಾಸಿಗರು ನೋಡಿ ಹೋಗುವ ಹಳೇ ಕಟ್ಟಡ, ದುರಸ್ತಿಯಾಗಿ ಮತ್ತೆ ಕಛೇರಿಗಳಿಗೆ ತೆರೆದದ್ದು 1994ರಲ್ಲಿ. ನೋಡಿ, ಸತ್ಯವೇ ನಿಮ್ಮ ವಾಕ್ಯಕ್ಕಿಂತ ಚೆನ್ನಾಗಿದೆ: ಅವಳು ಕನಸು ಹೊತ್ತು ಬಂದ ಊರಿನಲ್ಲಿ ಗುಡಿ ಇದೆ, ಪೂಜೆ ಬೇರೆ ಕಡೆ ನಡೆಯುತ್ತಿದೆ.

ಡೆಲ್ಟಾಳ ಪಾತ್ರ ಮಾಡಿದ ನಟಿ ಡೆಲ್ಟಾ ಬರ್ಕ್ ಅವರ ಮೈತೂಕದ ಬಗೆಗಿನ ಇಡೀ ಪ್ಯಾರಾ ಹೊಡೆದುಹಾಕಿದ್ದೇನೆ. ‘ಡಿಸೈನಿಂಗ್ ವಿಮೆನ್’ ಎಂಬ ಸಿಟ್‌ಕಾಂನಿಂದ ನಿರ್ಮಾಪಕರ ಜೊತೆ ಜಗಳವಾಗಿ 1991ರಲ್ಲಿ ಹೊರಬಂದವರು, ಮರುವರ್ಷ ತಮ್ಮದೇ ಹೆಸರಿನ ಧಾರಾವಾಹಿ ಹೊತ್ತು ನಿಂತವರು ಎಂದರೆ ಸಾಕು. ಉಳಿದದ್ದನ್ನು ಅಲ್ಲಿನ ಗಾಸಿಪ್ ಪತ್ರಿಕೆಗಳು ಆಗಲೇ ಸಾಕಷ್ಟು ಬರೆದು ಕೈತೊಳೆದಿವೆ.

ಈಗ ನಾನು ಈ ಪತ್ರ ಬರೆಯಲು ಕಾರಣವಾದ ಜಾಗಕ್ಕೆ ಬರುತ್ತೇನೆ. ಏಳನೇ ಪುಟ, ಕೊನೆಗೆ ತುರುಕಿದಂತಿರುವ ಪ್ಯಾರಾ. ಗಂಡನ ಕೆಲಸಕ್ಕೆಂದು ನ್ಯಾಶ್‌ವಿಲ್‌ನಲ್ಲಿ ಎರಡು ವರ್ಷ ಇದ್ದಾಗ ಬ್ರಾಡ್‌ವೇ ಬೀದಿಯ ಬಾರಿಗೆ ಹೋದದ್ದನ್ನು ಬರೆದಿದ್ದೀರಿ. ‘ಮಧ್ಯಾಹ್ನ ಎರಡು ಗಂಟೆ. ಕೇಳುವವರು ಒಂಬತ್ತು ಜನ. ಹಾಡು ಮುಗಿಸಿದ ಹುಡುಗಿ ತಾನೇ ವೇದಿಕೆ ಇಳಿದು ಬಿಳಿ ಪ್ಲಾಸ್ಟಿಕ್ ಬಕೆಟ್ ಹಿಡಿದು ಟೇಬಲಿನಿಂದ ಟೇಬಲಿಗೆ ಬಂದಳು. ಬಕೆಟ್ಟಿನ ತಳದಲ್ಲಿ ಅವಳೇ ಹಾಕಿಟ್ಟುಕೊಂಡ ಐದು ಡಾಲರಿನ ನೋಟಿತ್ತು.’

ಅವಳೇ ಹಾಕಿಟ್ಟುಕೊಂಡದ್ದು ಎಂದು ನಿಮಗೆ ಹೇಗೆ ಗೊತ್ತಾಯಿತೋ! ಮೈಸೂರಿನ ಯಾವ ಮದುವೆ ಆರ್ಕೆಸ್ಟ್ರಾದವರನ್ನು ಕೇಳಿದರೂ ಈ ಸಾಲಿಗೆ ತಲೆದೂಗುತ್ತಾರೆ.

ಇದನ್ನು ಬರೆದ ಕೈಯೇ ‘ಪ್ರತಿ ವಾರ ಅದೇ ಬಾರು, ಅದೇ ಸೋಲು, ಬೇಸರ ತರಿಸುತ್ತದೆ’ ಎಂದು ಧಾರಾವಾಹಿಯನ್ನು ದೂರಿದ್ದು ನನಗೆ ಅಚ್ಚರಿ. ನೀವು ಕಂಡ ಹುಡುಗಿಗೂ ವಾರವಾರವೂ ಅದೇ ಬಾರಲ್ಲವೇ? ತೊಡಕು ಇರುವುದು ಬೇರೆ ಕಡೆ. ಜಾಹೀರಾತು ಕಳೆದರೆ ಅರ್ಧ ಗಂಟೆಯ ಸಿಟ್‌ಕಾಂಗೆ ಉಳಿಯುವುದು ಇಪ್ಪತ್ತೆರಡು ನಿಮಿಷದ ಆಸುಪಾಸು. ಒಂದು ಹಾಡಿಗೆ ಮೂರು ನಿಮಿಷ ಹೋಯಿತು. ಅವಳು ಚೆನ್ನಾಗಿ ಹಾಡಿದರೆ ಇನ್ನೂ ಯಾಕೆ ಗ್ಲಾಸು ಹೊರುತ್ತಿದ್ದಾಳೆ ಅನ್ನಿಸುತ್ತದೆ, ಕೆಟ್ಟದಾಗಿ ಹಾಡಿದರೆ ನಾವು ಯಾಕೆ ಕೂತು ಕೇಳಬೇಕು. ಗೆದ್ದುಬಿಟ್ಟರಂತೂ ಕಥೆಯೇ ಮುಗಿಯಿತು. ಬಾರಿನಲ್ಲಿ ಕಾಯುವುದು ಒಂದು ಇಡೀ ಜೀವನ. ಟಿವಿಯಲ್ಲಿ ಅದು ಜೋಕಿನಿಂದ ಜೋಕಿಗೆ ನೆಗೆಯಬೇಕು. ಬಕೆಟ್ ಹಿಡಿದು ಬಂದವಳ ಮುಖ ನೋಡಿದ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರಬೇಕು.

ಹಾಗಾಗಿ ಏಳನೇ ಪುಟವನ್ನು ಮೊದಲ ಪುಟ ಮಾಡಿ. ಕಥಾಸಾರ ಒಂದು ಪ್ಯಾರಾ ಮೀರದಿರಲಿ. ಒಟ್ಟು 1200 ಪದ ಸಾಕು, ಹೆಚ್ಚಾದರೆ ಕತ್ತರಿ ನನ್ನ ಕೈಲಿರುತ್ತದೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ. ತಿಂಗಳೊಳಗೆ ಕಳಿಸಿದರೆ ಅನುಕೂಲ.

ಮರೆತಿದ್ದೆ. ಆ ಬಕೆಟ್ ನಿಮ್ಮ ಟೇಬಲಿಗೆ ಬಂದಾಗ ನೀವು ಎಷ್ಟು ಹಾಕಿದಿರಿ? ಅದನ್ನು ಯಾಕೆ ಬರೆದಿಲ್ಲ?

ಇತಿ,
ಸಂಪಾದಕ