ಅಡಿಕೆ ಮರದಿಂದ ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ

ಪ್ರಶ್ನೆ: ವಿಮಾನ ಒಡೆದು ಹತ್ತು ಸಾವಿರ ಮೀಟರ್ ಮೇಲಿನಿಂದ ಬಿದ್ದ ಗಗನಸಖಿ ಬದುಕಿದರಂತೆ. ನಮ್ಮಲ್ಲಿ ಅಡಿಕೆ ಮರದಿಂದ ಬಿದ್ದವರೇ ಉಳಿಯುವುದು ಕಷ್ಟ. ಯಾಕೆ ಹೀಗೆ? ಬಿದ್ದ ತಕ್ಷಣ ಏನು ಮಾಡಬೇಕು?
– ಓದುಗರು, ಕಾರ್ಕಳ

ಉತ್ತರ: ನಿಜ. 1972ರ ಜನವರಿಯಲ್ಲಿ ಯುಗೊಸ್ಲಾವಿಯಾದ ವೆಸ್ನಾ ವುಲೊವಿಚ್ 10,160 ಮೀಟರ್ ಎತ್ತರದಿಂದ ಬಿದ್ದು ಬದುಕಿದರು. ಅವರಿದ್ದ ವಿಮಾನದ ತುಂಡು ಹಿಮ ತುಂಬಿದ ಕಾಡಿನ ಇಳಿಜಾರಿಗೆ ಬಿದ್ದಿತ್ತು. ಎತ್ತರದಷ್ಟೇ ಮುಖ್ಯವಾದದ್ದು ದೇಹ ಎಷ್ಟು ಅಂತರದಲ್ಲಿ ನಿಂತಿತು ಎನ್ನುವುದು. 12 ಮೀಟರ್ ಮರದಿಂದ ಬಿದ್ದರೆ ನೆಲ ಮುಟ್ಟುವಾಗಿನ ವೇಗ ಗಂಟೆಗೆ 55 ಕಿ.ಮೀ. ಮುರಕಲ್ಲಿನ ನೆಲದ ಮೇಲೆ 10 ಸೆಂ.ಮೀ.ನಲ್ಲೇ ನಿಂತರೆ ದೇಹದ ತೂಕದ ಸುಮಾರು 120 ಪಟ್ಟು ಹೊಡೆತ; ಪೊದೆ, ಸೋಗೆ ತಡೆದು ಒಂದು ಮೀಟರ್‌ನಲ್ಲಿ ನಿಂತರೆ 12 ಪಟ್ಟು.

ಕಾಲೂರಿ ಬಿದ್ದವರ ಹಿಮ್ಮಡಿ ಒಡೆದಿದ್ದರೆ ಸೊಂಟದ ಬೆನ್ನುಮೂಳೆಯೂ ಮುರಿದಿರಬಹುದೆಂದೇ ತಿಳಿಯಿರಿ. ಕಂಕುಳಿಗೆ ಕೈ ಹಾಕಿ ಎಬ್ಬಿಸಿ, ನೀರು ಕುಡಿಸಿ, ಆಟೋದಲ್ಲಿ ಮಡಚಿ ಕೂರಿಸುವುದು ನಮ್ಮ ಕಡೆ ಈಗಲೂ ನಡೆಯುತ್ತದೆ. ಮುರಿದ ಮೂಳೆ ಸರಿದು ನರಹುರಿಗೆ ಒತ್ತುವುದು ಆಗಲೇ. ಬಿದ್ದಾಗ ಬೆರಳು ಆಡಿಸುತ್ತಿದ್ದವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಲಿನ ಸ್ವಾಧೀನ ಕಳೆದುಕೊಳ್ಳಬಹುದು.

ಮೊದಲು 108ಕ್ಕೆ ಫೋನ್ ಮಾಡಿ. ಉಸಿರಿದೆಯೇ ನೋಡಿ; ಇಲ್ಲದಿದ್ದರೆ ಬೇರೆಲ್ಲ ಬಿಟ್ಟು ಎದೆ ಒತ್ತಲು ಶುರುಮಾಡಿ, ನಿಮಿಷಕ್ಕೆ 100ರಿಂದ 120 ಸಲ. ರಕ್ತ ಸುರಿಯುತ್ತಿದ್ದರೆ ಬೈರಾಸು (ಟವೆಲ್) ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ. ಒಬ್ಬರು ತಲೆಯ ಬಳಿ ಮಂಡಿಯೂರಿ, ಕಿವಿಗಳ ಎರಡೂ ಬದಿ ಹಿಡಿದು ಕುತ್ತಿಗೆ ಅಲುಗದಂತೆ ನೋಡಿಕೊಳ್ಳಲಿ. ವಾಂತಿ ಬಂದರೆ, ತಲೆ ಹಿಡಿದವರು ಹೇಳಿದ ಕೂಡಲೇ ಇನ್ನು ಮೂವರು ಭುಜ, ಸೊಂಟ, ಕಾಲು ಒಟ್ಟಿಗೆ ತಿರುಗಿಸಿ ಮಗ್ಗುಲಾಗಿಸಬೇಕು. ಆಂಬುಲೆನ್ಸ್ ತೋಟದೊಳಗೆ ಬಾರದಿದ್ದರೆ ಹಲಗೆ ತನ್ನಿ, ಇದೇ ರೀತಿ ಹೊರಳಿಸಿ ಅದರ ಮೇಲೆ ಮಲಗಿಸಿ. ನೀರು, ಕಾಫಿ ಯಾವುದೂ ಬೇಡ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಚರ್ಮ ಬಿಳಿಚಿ, ತಣ್ಣನೆ ಬೆವರುತ್ತಿದ್ದರೆ ಒಳಗೆ ರಕ್ತಸ್ರಾವವಾಗುತ್ತಿರಬಹುದು. ಸಾಧ್ಯವಾದರೆ ಸಿ.ಟಿ. ಸ್ಕ್ಯಾನ್, ನ್ಯೂರೊಸರ್ಜನ್ ಇರುವ ಮಣಿಪಾಲ ಅಥವಾ ಮಂಗಳೂರಿನ ಆಸ್ಪತ್ರೆಗೇ ನೇರ ಹೋಗಿ.

ಪ್ರಶ್ನೆ: ಅಡಿಕೆಯ ಕೊಳೆರೋಗಕ್ಕೆ ಮರ ಹತ್ತಿ ಮದ್ದು ಬಿಡುವಾಗ ಸೊಂಟಕ್ಕೆ ಬೆಲ್ಟ್ ಕಟ್ಟಿದರೆ ಸಾಕೇ?
– ಓದುಗರು, ಬಂಟ್ವಾಳ

ಉತ್ತರ: ಸಾಲದು. ಬೀಳುವಾಗ ಎಲ್ಲ ಹೊಡೆತವೂ ಹೊಟ್ಟೆ, ಬೆನ್ನಿಗೇ ಬೀಳುತ್ತದೆ. ತೊಡೆ, ಭುಜ ಎರಡನ್ನೂ ಹಿಡಿಯುವ ಪೂರ್ಣ ಹಾರ್ನೆಸ್ ಬೇಕು. ಅದರಲ್ಲಿ ಅಲುಗಾಡದೆ ನೇತಾಡಿದರೆ ರಕ್ತ ಕಾಲಿಗಿಳಿದು ಪ್ರಜ್ಞೆ ತಪ್ಪುತ್ತದೆ, ಕೆಲವೇ ನಿಮಿಷದಲ್ಲಿ ಪ್ರಾಣಕ್ಕೂ ಅಪಾಯ. ಆದ್ದರಿಂದ ಮರದಡಿ ಇನ್ನೊಬ್ಬರು ಏಣಿ ಇಟ್ಟುಕೊಂಡು ಇರಲೇಬೇಕು. ಒಮ್ಮೆ ಬಿದ್ದವರನ್ನು ತಡೆದ ಹಗ್ಗ, ಹಾರ್ನೆಸ್ ನೋಡಲು ಚೆನ್ನಾಗಿದ್ದರೂ ಮತ್ತೆ ಬಳಸಬೇಡಿ.