ಆಸ್ಟಿನ್‌ನಲ್ಲಿ ಟ್ರಾಫಿಕ್ ಪೊಲೀಸ್ ನನ್ನ ಹೆಂಡತಿಯ ವೀಸಾ ಕೇಳಿದ್ದು ಯಾಕೆ?

ಬಹುಶಃ ಟೆಕ್ಸಾಸ್‌ನ 2017ರ ಎಸ್‌ಬಿ 4 (ಸೆನೆಟ್ ಬಿಲ್ 4) ಕಾನೂನೇ ಕಾರಣ. ಆಸ್ಟಿನ್ ವಲಸಿಗರ ಪರ ಇರುವ ಊರು, ಆದರೂ ಸ್ಪೀಡಿಂಗ್‌ಗೆ ನಿಮ್ಮ ಕಾರು ನಿಲ್ಲಿಸಿದ ಪೊಲೀಸರು ಪಕ್ಕದಲ್ಲಿದ್ದ ನಿಮ್ಮ ಹೆಂಡತಿಯ ವೀಸಾ ಕೇಳಿದರು ಅಂದಿರಲ್ಲ. ಈ ಕಾನೂನಿನ ಪ್ರಕಾರ, ಪೊಲೀಸರು ತಡೆದು ನಿಲ್ಲಿಸಿದ ಜನರ ವಲಸೆ ಸ್ಥಿತಿ ಕೇಳಬೇಡಿ ಅಂತ ಊರಿನ ಆಡಳಿತ ತನ್ನ ಪೊಲೀಸರಿಗೆ ಹೇಳುವಂತಿಲ್ಲ. ಹೇಳಿದರೆ ಮೊದಲ ಸಲ ಕನಿಷ್ಠ 1,000 ಡಾಲರ್ ದಂಡ, ಆಮೇಲೆ ದಿನಕ್ಕೆ 25,000ಕ್ಕೂ ಮೇಲೆ ಹೋಗಬಹುದು. 2018ರಲ್ಲಿ ಫಿಫ್ತ್ ಸರ್ಕ್ಯೂಟ್ ಅನ್ನೋ ಫೆಡರಲ್ ಮೇಲ್ಮನವಿ ಕೋರ್ಟ್ ಇದರ ಬಹುಪಾಲನ್ನು ಎತ್ತಿಹಿಡಿಯಿತು. ಆದರೆ ಕೇಳಲೇಬೇಕು ಅಂತ ಕಾನೂನಿನಲ್ಲಿಲ್ಲ. ಮುಂದಿನ ಸಲ ಬೇರೆ ಪೊಲೀಸ್ ಕೇಳದೆಯೂ ಬಿಡಬಹುದು, ಮೊದಲೇ ಹೇಳಕ್ಕಾಗಲ್ಲ. (2023ರಲ್ಲಿ ಇದೇ ಹೆಸರಿನ ಇನ್ನೊಂದು ಕಾನೂನು ಬಂತು. ಅದು ಅಕ್ರಮವಾಗಿ ಗಡಿ ದಾಟಿ ಬರುವವರ ಬಗ್ಗೆ, ಬೆರೆಸಿಕೊಳ್ಳಬೇಡಿ.)

ಇವತ್ತೇ ಇಬ್ಬರ ಐ-94 (ಅಮೆರಿಕಕ್ಕೆ ಬಂದಾಗ ಸಿಗುವ ಪ್ರವೇಶ ದಾಖಲೆ) ಪ್ರಿಂಟ್ ತೆಗೆಯಿರಿ. 18 ವರ್ಷ ದಾಟಿದ ವಿದೇಶಿಯರು ನೋಂದಣಿ ದಾಖಲೆ (ಐ-94 ಅಂಥದ್ದೇ) ಜೊತೆಗಿಟ್ಟುಕೊಳ್ಳಬೇಕು ಅನ್ನೋದು ಫೆಡರಲ್ ಕಾನೂನು. ನಾಲ್ಕಾಗಿ ಮಡಚಿ ಪರ್ಸ್‌ನಲ್ಲಿಟ್ಟರೆ ಆಯ್ತು. ನಿಮ್ಮದು ನಿಮ್ಮ ಹೆಂಡತಿಗೆ ಲೆಕ್ಕಕ್ಕೆ ಬರಲ್ಲ, ಅವರದ್ದು ಅವರ ಹತ್ತಿರವೇ ಇರಲಿ.

ಮತ್ತೆ ನಿಲ್ಲಿಸಿದರೆ ಕೈ ಸ್ಟೀರಿಂಗ್ ಮೇಲಿರಲಿ. ಕೇಳಿದಾಗ ಲೈಸೆನ್ಸ್, ಇನ್ಶೂರೆನ್ಸ್ ಕೊಡಿ. ವಲಸೆ ಬಗ್ಗೆ ಬಾಯಿಮಾತಿನ ಪ್ರಶ್ನೆಗೆ ಸುಮ್ಮನಿರುವ ಹಕ್ಕು ಇಬ್ಬರಿಗೂ ಇದೆ, ಆದರೆ ಸುಳ್ಳು ಮಾತ್ರ ಹೇಳಲೇಬೇಡಿ. ನಿಮ್ಮ ಹೆಂಡತಿಯ ಎಚ್-4 (ಕೆಲಸದ ವೀಸಾದವರ ಸಂಗಾತಿಗೆ ಸಿಗುವ ವೀಸಾ) ವಿಸ್ತರಣೆ ಇನ್ನೂ ಬಾಕಿ ಇದ್ದರೆ, ಅರ್ಜಿಯ ರಸೀದಿ ಹಿಡಿದು ಈ ವಾರವೇ ವಲಸೆ ವಕೀಲರನ್ನು ಕಾಣಿ.