ಕಾಂಗ್ರೆಸ್ ಹುಲ್ಲಿನ ಅಲರ್ಜಿ ಮೊದಲ ವರ್ಷವೇ ಯಾಕೆ ಬರಲ್ಲ?

ಕಲಬುರಗಿಗೆ ಬಂದ ಮೊದಲ ವರ್ಷ ಏನೂ ಆಗಲಿಲ್ಲ, ಈಗ ತೊಗರಿ ಹೊಲದ ಬದುವಿಗೆ ಹೋದರೆ ಸಾಕು ಸೀನು ನಿಲ್ಲಲ್ಲ ಅಂತ ಕೇಳಿದ್ದೀರಿ. ಮೊದಲ ಸಲ ದೇಹ ಬರೀ ಸಿದ್ಧತೆ ಮಾಡಿಕೊಳ್ಳುತ್ತೆ, ಸೀನು ಬರೋದು ಆಮೇಲೆ.

ಪರಾಗ ಮೂಗಿಗೆ ಹೋದಾಗ ಕೆಲವರ ದೇಹ ಅದನ್ನು ಶತ್ರು ಅಂದುಕೊಂಡು ಐಜಿಇ ಅನ್ನೋ ಪ್ರತಿಕಾಯ, ಅಂದರೆ ಆ ಪರಾಗವನ್ನೇ ಗುರುತು ಹಿಡಿಯುವ ಪ್ರೋಟೀನು, ತಯಾರಿಸುತ್ತೆ. ಅದು ಮೂಗಿನ ಒಳಪದರದ ಮಾಸ್ಟ್ ಕೋಶಗಳಿಗೆ ಅಂಟಿ ಕೂರುತ್ತೆ. ಆ ಕೋಶಗಳ ತುಂಬಾ ಹಿಸ್ಟಮಿನ್, ಅಂದರೆ ಸೀನು, ತುರಿಕೆ ತರಿಸುವ ರಾಸಾಯನಿಕ, ತುಂಬಿದ ಚೀಲಗಳು. ಮತ್ತೆ ಅದೇ ಪರಾಗ ಬಂದು ಅಕ್ಕಪಕ್ಕದ ಎರಡು ಐಜಿಇಗೆ ಒಟ್ಟಿಗೆ ತಗುಲಿತು ಅಂದ್ರೆ ನಿಮಿಷಗಳಲ್ಲೇ ಹಿಸ್ಟಮಿನ್ ಹೊರಗೆ. ಮೂಗು ಸುರಿಯುತ್ತೆ, ಕಣ್ಣು ಕಡಿಯುತ್ತೆ.

ಈ ಐಜಿಇಯನ್ನು 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಕಂಡುಹಿಡಿದದ್ದು ಜಪಾನಿನ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ. ರಕ್ತದಲ್ಲಿ ಐಜಿಇ ಇರೋದು ತೀರಾ ಕಡಿಮೆ, ಹಾಗಾಗಿ ಅಲರ್ಜಿ ಇರುವವರ ರಕ್ತದಿಂದ ಬೇರ್ಪಡಿಸಿದ ದ್ರವವನ್ನು ತಮ್ಮ ಚರ್ಮಕ್ಕೇ ಚುಚ್ಚಿಕೊಂಡು ನೋಡಿದರು, ಎಂಥ ಧೈರ್ಯ ಅಲ್ವಾ! ಅವರು ಬಳಸಿದ್ದು ರಾಗ್‌ವೀಡ್ ಪರಾಗ, ಅದು ನಮ್ಮ ಕಾಂಗ್ರೆಸ್ ಹುಲ್ಲಿನ ಕುಟುಂಬದ್ದೇ ಗಿಡ.

ಹುಲ್ಲು ಕಿತ್ತವರ ಕೈಯಲ್ಲಿ ಒಂದೆರಡು ದಿನದ ಮೇಲೆ ಏಳುವ ತುರಿಕೆ ಮಾತ್ರ ಬೇರೆ. ಅದು ಹೆಚ್ಚಾಗಿ ಬಿಳಿ ರಕ್ತಕಣಗಳಲ್ಲೇ ಒಂದಾದ ಟಿ ಕೋಶಗಳ ಕೆಲಸ.